ಡಬ್ಬಿಯಿಂದ ಲೋಟದವರೆಗೆ: ಕಿಟ್ ಬಳಸಿ ಮನೆಯಲ್ಲೇ ತಯಾರಾಗುವ ಪೇಲ್ ಏಲ್

ಲಂಡನ್ನಿನ ಹೊರವಲಯದಲ್ಲೋ ಮೆಲ್ಬರ್ನಿನಲ್ಲೋ ನೆಲೆಸಿರುವ ಬಂಧುಗಳ ಮನೆಗೆ ಹೋದ ಕನ್ನಡಿಗರಿಗೆ ಕೆಲವೊಮ್ಮೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಿಳಿಯ ಪ್ಲಾಸ್ಟಿಕ್ ಬಕೆಟ್ಟೊಂದು ಕಣ್ಣಿಗೆ ಬೀಳುವುದುಂಟು. ಅದರ ಮುಚ್ಚಳಕ್ಕೆ ಸಿಕ್ಕಿಸಿದ ಪುಟ್ಟ ಕೊಳವೆಯೊಳಗೆ ನೀರು ಆಗಾಗ ‘ಬುಳಕ್’ ಎನ್ನುತ್ತಿರುತ್ತದೆ. ಒಳಗೆ ಹುದುಗುತ್ತಿರುವುದು ಬಿಯರ್. ಅಂಗಡಿಯಿಂದ ತಂದ ಡಬ್ಬಿ, ಒಂದು ಪೊಟ್ಟಣ ಯೀಸ್ಟ್, ಒಂದಿಷ್ಟು ಸಕ್ಕರೆ ಹಾಗೂ ನಲ್ಲಿ ನೀರು ಸೇರಿ ಸುಮಾರು ಒಂದು ತಿಂಗಳಲ್ಲಿ 23 ಲೀಟರ್ ಪಾನೀಯವಾಗುತ್ತದೆ.

ಈ ಬಗೆಯ ಕಿಟ್‌ಗಳಲ್ಲಿ ಹೆಚ್ಚು ಜನ ಇಷ್ಟಪಟ್ಟು ಕೊಳ್ಳುವುದೂ, ಹೆಚ್ಚು ಜನ ಕೆಡಿಸಿಕೊಳ್ಳುವುದೂ ಹಾಪ್ಸ್ ಘಮದ ಪೇಲ್ ಏಲ್ ಎಂಬ ಬಗೆಯನ್ನೇ. ಕಹಿ ಡಬ್ಬಿಯಲ್ಲಿಯೇ ಬರುತ್ತದೆ; ಘಮ ಬರುವುದಿಲ್ಲ. ಘಮವನ್ನು ಕೂಡಿಸುವುದು ಹಾಗೂ ಬಾಟಲಿ ತೆರೆಯುವವರೆಗೆ ಕಾಪಾಡುವುದು ತಯಾರಕನ ಹೊಣೆ. ಕಿಟ್ಟಿನ ಜತೆ ಬರುವ ಸೂಚನಾ ಹಾಳೆಯಲ್ಲಿ ಈ ಬಗ್ಗೆ ಹೇಳಿರುವುದು ಬಲು ಕಡಿಮೆ.

ಆರಂಭದಲ್ಲಿಯೇ ಒಂದು ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತ ಬಳಕೆಗೆಂದು ಮನೆಯಲ್ಲಿ ತಯಾರಿಸಿದರೂ ಬಿಯರ್ ಇದಕ್ಕೆ ಹೊರತಲ್ಲ. ಇಲ್ಲಿನ ವಿವರಗಳು ಈ ಹವ್ಯಾಸಕ್ಕೆ ಕಾನೂನಿನ ಸಮ್ಮತಿ ಇರುವ ದೇಶಗಳಿಗೆ ಸಂಬಂಧಿಸಿದವು.

ಹೆಸರಿನೊಳಗಿನ ಇಂಡಿಯಾ

ಬಿಯರ್‌ಗಳಲ್ಲಿ ಏಲ್ ಮತ್ತು ಲಾಗರ್ ಎಂಬ ಎರಡು ದೊಡ್ಡ ಕುಲಗಳಿವೆ. ಲಾಗರ್ ತಯಾರಿಸುವ ಯೀಸ್ಟ್ ಚಳಿಯಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಏಲ್ ಯೀಸ್ಟ್ 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚುರುಕಾಗಿ ದುಡಿಯುತ್ತದೆ. ವಿಶೇಷ ಶೈತ್ಯ ಸಲಕರಣೆ ಬೇಡವಾದ್ದರಿಂದ ಮನೆ ತಯಾರಿಕೆಗೆ ಏಲ್ ಅನುಕೂಲ.

ಪೇಲ್ ಎಂಬ ವಿಶೇಷಣ ಮಾಲ್ಟಿನ ಬಣ್ಣದಿಂದ ಬಂದದ್ದು. ಕಟ್ಟಿಗೆ, ಹುಲ್ಲುಗಳ ಬೆಂಕಿಯಲ್ಲಿ ಒಣಗಿಸಿದ ಬಾರ್ಲಿ ಕಂದು ಬಣ್ಣ ತಳೆದು ಹೊಗೆಯ ವಾಸನೆ ಹಿಡಿಯುತ್ತಿತ್ತು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಮಾಲ್ಟ್ ತಯಾರಕರು ಹೊಗೆಯಿಲ್ಲದ ಕೋಕ್ ಬಳಸತೊಡಗಿದ ಮೇಲೆ ತಿಳಿಬಣ್ಣದ ಮಾಲ್ಟ್ ಸಾಧ್ಯವಾಯಿತು. ಅದರಿಂದ ತಯಾರಾದದ್ದು ತಿಳಿಬಣ್ಣದ ಏಲ್.

ಇದೇ ಪಾನೀಯದ ಇನ್ನೊಂದು ರೂಪಕ್ಕೆ ಇಂಡಿಯಾ ಪೇಲ್ ಏಲ್ ಎಂಬ ಹೆಸರು ಬಂದ ಕಥೆ ಹಲವು ಬಾರಿ ತಪ್ಪಾಗಿ ಹೇಳಲ್ಪಟ್ಟಿದೆ. ಭಾರತದಲ್ಲಿದ್ದ ಬ್ರಿಟಿಷರಿಗೆ ಕಳುಹಿಸುತ್ತಿದ್ದ ಬಿಯರ್ ಹಡಗಿನಲ್ಲಿ ಕೆಡುತ್ತಿತ್ತೆಂದೂ, ಲಂಡನ್ನಿನ ಬೋ ಬ್ರೂವರಿಯ ಜಾರ್ಜ್ ಹಾಡ್ಜ್‌ಸನ್ ಎಂಬಾತ ಹಾಪ್ಸ್ ಹೆಚ್ಚಿಸಿ ಹೊಸ ಬಿಯರನ್ನೇ ಕಂಡುಹಿಡಿದನೆಂದೂ ಜನಪ್ರಿಯ ಕಥೆ ಸಾರುತ್ತದೆ. ಬಿಯರ್ ಇತಿಹಾಸಕಾರ ಮಾರ್ಟಿನ್ ಕಾರ್ನೆಲ್ ಹಳೆಯ ದಾಖಲೆಗಳನ್ನು ಜಾಲಾಡಿ ಇದನ್ನು ಅಲ್ಲಗಳೆದರು. ಕಪ್ಪು ಬಣ್ಣದ ಪೋರ್ಟರ್ ಬಿಯರ್ ಕೂಡ ಭಾರತಕ್ಕೆ ಹಡಗೇರಿ ಬಂದು ಸುಸ್ಥಿತಿಯಲ್ಲೇ ತಲುಪುತ್ತಿತ್ತು. ಸೈನಿಕರು ಹೆಚ್ಚಾಗಿ ಕುಡಿದದ್ದು ಅದನ್ನೇ. ಹಾಡ್ಜ್‌ಸನ್ ಬ್ರೂವರಿಗಿದ್ದ ದೊಡ್ಡ ಅನುಕೂಲವೆಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ತಾಣಕ್ಕೆ ಅದು ಹತ್ತಿರವಿದ್ದದ್ದು ಮತ್ತು ಹಡಗಿನ ಅಧಿಕಾರಿಗಳಿಗೆ ಧಾರಾಳವಾಗಿ ಸಾಲ ಕೊಡುತ್ತಿದ್ದದ್ದು.

ಆದರೆ ಆ ಪ್ರಯಾಣದಿಂದ ಬಿಯರಿಗೆ ಲಾಭವಾದದ್ದು ನಿಜ. ಗುಡ್ ಹೋಪ್ ಭೂಶಿರವನ್ನು ಸುತ್ತಿ, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ತಿಂಗಳುಗಟ್ಟಲೆ ಓಲಾಡಿದ ಪೀಪಾಯಿಗಳಲ್ಲಿ ಬಿಯರ್ ಹದವಾಗಿ ಮಾಗುತ್ತಿತ್ತು. 1820ರ ದಶಕದ ಆರಂಭದಲ್ಲಿ ಬರ್ಟನ್ ಪಟ್ಟಣದ ಆಲ್ಸಪ್ ಸಂಸ್ಥೆ ಈ ವ್ಯಾಪಾರಕ್ಕೆ ಇಳಿಯಿತು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಮ್ ಅಂಶ ಹೇರಳ. ಅದರ ಸಲ್ಫೇಟ್ ಹಾಪ್ಸಿನ ಕಹಿಯನ್ನು ಚೊಕ್ಕಟವಾಗಿ, ಒಣದಾಗಿ ನಾಲಿಗೆಗೆ ತೋರಿಸುತ್ತದೆ. ಪೈಪೋಟಿಯಲ್ಲಿ ಬರ್ಟನ್ ಗೆದ್ದಿತು.

ಭಾರತದ ನೆಲದಲ್ಲಿ ಬ್ರಿಟಿಷ್ ಬಿಯರ್ ತಯಾರಾಗತೊಡಗಿದ್ದು ಮುಂದಿನ ಅಧ್ಯಾಯ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಸಂಸ್ಥೆಗೂ ಬೆಂಗಳೂರಿಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ.

ಇಂದು ಕಿಟ್‌ಗಳಲ್ಲಿ ಸಿಗುವ ‘ಹಾಪಿ’ ಪೇಲ್ ಏಲ್‌ಗೆ ಈ ವಿಕ್ಟೋರಿಯನ್ ಪೂರ್ವಜನಿಗಿಂತ ಅಮೆರಿಕದ ಸಂಬಂಧವೇ ಹತ್ತಿರದ್ದು. ಅಮೆರಿಕದ ಕೃಷಿ ಇಲಾಖೆಯ ಆರೆಗನ್ ಸಂಶೋಧನಾ ಕಾರ್ಯಕ್ರಮದಲ್ಲಿ ರೂಪುಗೊಂಡ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ 1972ರಲ್ಲಿ ಬಿಡುಗಡೆಯಾಯಿತು. ದೇವನಹಳ್ಳಿಯ ಚಕ್ಕೋತವನ್ನು ಸುಲಿದಾಗ ಸಿಪ್ಪೆಯಿಂದ ಚಿಮ್ಮುವ ವಾಸನೆಯನ್ನು ನೆನಪಿಸಿಕೊಂಡರೆ ಕ್ಯಾಸ್ಕೇಡಿನ ಘಮದ ಅಂದಾಜು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಚಿಕೊ ಪಟ್ಟಣದಲ್ಲಿ ಮನೆ ತಯಾರಿಕೆಯ ಸಾಮಗ್ರಿಗಳ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ ಮುಂದೆ ಸಿಯೆರಾ ನೆವಾಡಾ ಬ್ರೂವರಿಯ ಸ್ಥಾಪಕರಲ್ಲೊಬ್ಬರಾದರು. 1980ರಲ್ಲಿ ಅಲ್ಲಿ ತಯಾರಾದ ಪೇಲ್ ಏಲ್ ಕ್ಯಾಸ್ಕೇಡನ್ನು ಮನೆಮಾತಾಗಿಸಿತು. ಮನೆಯ ಹವ್ಯಾಸಿಗಳು ಇಂದು ಯಾವ ರುಚಿಯನ್ನು ಬೆನ್ನಟ್ಟುತ್ತಿದ್ದಾರೋ ಅದು ಹವ್ಯಾಸಿಗಳ ಅಂಗಡಿಯಿಂದಲೇ ಹೊರಟದ್ದು.

ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಹಡಗೇರಿ ಬಂದ ಏಲ್‌ಗೆ ಕಾಲ ಮಿತ್ರನಾಗಿತ್ತು. ಘಮವನ್ನೇ ನೆಚ್ಚಿಕೊಂಡ ಇಂದಿನ ಪೇಲ್ ಏಲ್‌ಗೆ ಕಾಲವೇ ಶತ್ರು.

ಹಾಪ್ಸ್ ಎಂಬ ಹೂವು

ಹಾಪ್ಸ್ ಒಂದು ಬಳ್ಳಿ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಗಾಂಜಾ ಸಸ್ಯದ ಕುಟುಂಬಕ್ಕೇ ಸೇರಿದ್ದು. ಬೇಸಿಗೆಯ ದೀರ್ಘ ಹಗಲು ಬೇಕಾದ್ದರಿಂದ ಸಮಶೀತೋಷ್ಣ ವಲಯದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅಮೆರಿಕದ ಯಾಕಿಮಾ ಕಣಿವೆ, ಜರ್ಮನಿಯ ಹಾಲರ್ಟೌ, ಇಂಗ್ಲೆಂಡಿನ ಕೆಂಟ್, ನ್ಯೂಜಿಲೆಂಡಿನ ನೆಲ್ಸನ್ ಇದಕ್ಕೆ ಹೆಸರಾದ ಸೀಮೆಗಳು. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದರ ಬೇಸಾಯವಿದೆ.

ಬಳಕೆಗೆ ಬರುವುದು ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲು. ಅದರ ಎಸಳುಗಳ ಬುಡದಲ್ಲಿ ಅರಿಸಿನದ ಪುಡಿಯಂತೆ ಕಾಣುವ, ಬೆರಳಿಗೆ ಅಂಟುವ ಲುಪುಲಿನ್ ಎಂಬ ಹಳದಿ ಕಣಗಳಿರುತ್ತವೆ. ಇವುಗಳಲ್ಲಿ ಎರಡು ಬಗೆಯ ಸಂಪತ್ತಿದೆ. ಒಂದು, ಆಲ್ಫಾ ಆಮ್ಲಗಳು. ಇವು ತಾವಾಗಿಯೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಗಂಟೆಯ ಹೊತ್ತು ಕುದಿಸಿದಾಗ ರೂಪ ಬದಲಿಸಿಕೊಂಡು ಕರಗಿ ಕಹಿ ಕೊಡುತ್ತವೆ. ಇನ್ನೊಂದು, ಮಿರ್ಸೀನ್, ಲಿನಾಲೂಲ್, ಜೆರಾನಿಯಾಲ್ ಮುಂತಾದ ಸುಗಂಧ ತೈಲಗಳು. ಕುದಿಸಿದರೆ ಇವು ಆವಿಯಾಗಿ ಹಾರಿಹೋಗುತ್ತವೆ.

ಕಹಿಗೆ ಕುದಿತ ಬೇಕು. ಘಮಕ್ಕೆ ಕುದಿತ ಸಲ್ಲದು. ಹಿಂಗು, ಕರಿಬೇವುಗಳನ್ನು ಬೇಳೆಯೊಡನೆ ಬೇಯಿಸದೆ ಕೊನೆಯಲ್ಲಿ ಒಗ್ಗರಣೆಗೆ ಮೀಸಲಿಡುವ ಅಡುಗೆಯವರಿಗೆ ಇದು ಹೊಸ ಪಾಠವೇನಲ್ಲ. ಕಿಟ್ ತಯಾರಿಸುವ ಕಾರ್ಖಾನೆ ಕಹಿಯ ಪಾಲನ್ನು ಮುಗಿಸಿ ಕಳುಹಿಸುತ್ತದೆ. ಒಗ್ಗರಣೆ ಮನೆಯಲ್ಲಿಯೇ ಆಗಬೇಕು. ಹುದುಗು ಬಂದ ತಣ್ಣನೆಯ ಬಿಯರಿಗೆ ನೇರವಾಗಿ ಹಾಪ್ಸ್ ಹಾಕುವ ಈ ಕ್ರಮಕ್ಕೆ ಡ್ರೈ ಹಾಪಿಂಗ್ ಎಂದು ಹೆಸರು.

ಡಬ್ಬಿಯಲ್ಲಿ ಇರುವುದೇನು?

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವುದು ಕರ್ನಾಟಕದ ಮನೆಮನೆಗೂ ಗೊತ್ತು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ; ರಾಗಿ ಮಾಲ್ಟ್ ಕೂಸುಗಳಿಗೆ ಸುಲಭವಾಗಿ ಜೀರ್ಣವಾಗುವುದಕ್ಕೆ ಇದೂ ಒಂದು ಕಾರಣ. ಬಾರ್ಲಿಯ ಮಾಲ್ಟನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟವೆಲ್ಲ ಸಕ್ಕರೆಯಾಗಿ ಸಿಹಿಯಾದ ದ್ರವ ದೊರೆಯುತ್ತದೆ. ಇದೇ ವರ್ಟ್. ಕಾರ್ಖಾನೆಯಲ್ಲಿ ಇದಕ್ಕೆ ಹಾಪ್ಸ್ ಕಹಿ ಸೇರಿಸಿ, ಕಡಿಮೆ ಒತ್ತಡದಲ್ಲಿ ನೀರನ್ನು ಆವಿಯಾಗಿಸಿದರೆ ಜೋನಿಬೆಲ್ಲದಂಥ ಗಟ್ಟಿ ಪಾಕ ಉಳಿಯುತ್ತದೆ. ಡಬ್ಬಿಯಲ್ಲಿರುವುದು ಈ ಪಾಕ.

ಮಾರುಕಟ್ಟೆಯಲ್ಲಿ ಎರಡು ಮಾದರಿಗಳಿವೆ. ಆಸ್ಟ್ರೇಲಿಯಾದ ಕೂಪರ್ಸ್ ಸಂಸ್ಥೆಯದ್ದರಂತೆ 1.7 ಕೆ.ಜಿ. ತೂಗುವ ಒಂದೇ ಡಬ್ಬಿಯ ಕಿಟ್ ಮೊದಲನೆಯದು. ಇದಕ್ಕೆ ಸುಮಾರು 1 ಕೆ.ಜಿ. ಸಕ್ಕರೆ ಅಥವಾ ಮಾಲ್ಟ್ ಪುಡಿಯನ್ನು ಪ್ರತ್ಯೇಕವಾಗಿ ಸೇರಿಸಬೇಕು. ಬ್ರಿಟನ್ನಿನಲ್ಲಿ ಪ್ರಚಲಿತವಾದ, ಸುಮಾರು 3 ಕೆ.ಜಿ. ಪಾಕವಿರುವ ಕಿಟ್ ಎರಡನೆಯದು. ಅದಕ್ಕೆ ಹೊರಗಿನ ಸಕ್ಕರೆ ಅಷ್ಟಾಗಿ ಬೇಡ. ಘಮದ ಪೇಲ್ ಏಲ್ ಎಂದು ಮಾರುವ ಕಿಟ್‌ಗಳಲ್ಲಿ ಹಾಪ್ಸ್ ಗುಳಿಗೆಗಳ ಪೊಟ್ಟಣವೂ ಇರುತ್ತದೆ.

ಒಂದು ಡಬ್ಬಿಯ ಕಿಟ್ಟಿಗೆ ಪೂರ್ತಿ ಬಿಳಿ ಸಕ್ಕರೆ ಸುರಿದರೆ ಬಿಯರ್ ತೆಳ್ಳಗಾಗಿ ಸಪ್ಪೆ ಹೊಡೆಯುತ್ತದೆ. ಸಕ್ಕರೆ ಪೂರ್ತಿಯಾಗಿ ಮದ್ಯಸಾರವಾಗುತ್ತದೆಯೇ ಹೊರತು ಮೈಗೆ ಏನನ್ನೂ ಉಳಿಸುವುದಿಲ್ಲ. ಹಾಪ್ಸ್ ಕಹಿಯನ್ನು ಹೊರಲು ಮಾಲ್ಟಿನ ಬೆನ್ನು ಬೇಕು. ಸಕ್ಕರೆಯ ಜಾಗದಲ್ಲಿ ಅರ್ಧದಷ್ಟಾದರೂ ಒಣ ಮಾಲ್ಟ್ ಪುಡಿ ಬಳಸಿದರೆ ಖರ್ಚು ಸ್ವಲ್ಪ ಏರುತ್ತದೆ, ರುಚಿ ಬಹಳ ಸುಧಾರಿಸುತ್ತದೆ.

ಡಬ್ಬಿಯ ತಳದಲ್ಲಿ ಅಚ್ಚಾಗಿರುವ ದಿನಾಂಕವನ್ನು ಕೊಳ್ಳುವ ಮುನ್ನವೇ ನೋಡುವುದು ಒಳಿತು. ಹಳೆಯ ಪಾಕ ಕಪ್ಪಾಗುತ್ತದೆ, ಮುಚ್ಚಳದ ಕೆಳಗಿನ ಯೀಸ್ಟ್ ಬಿಸಿಲ ಗೋದಾಮಿನಲ್ಲಿ ಅರೆಜೀವವಾಗಿರುತ್ತದೆ. ಕಿಟ್ಟಿನ ಪೊಟ್ಟಣದಲ್ಲಿ ಸಾಮಾನ್ಯವಾಗಿ 5ರಿಂದ 7 ಗ್ರಾಂ ಯೀಸ್ಟ್ ಮಾತ್ರ ಇರುವುದರಿಂದ ಅನುಭವಿಗಳು ಅದನ್ನು ಬದಿಗಿಟ್ಟು, 11 ಗ್ರಾಂ ತೂಕದ ಅಮೆರಿಕನ್ ಏಲ್ ತಳಿಯ ಒಣ ಯೀಸ್ಟನ್ನು ಪ್ರತ್ಯೇಕವಾಗಿ ಕೊಳ್ಳುತ್ತಾರೆ. ಈ ತಳಿ ತನ್ನದೇ ರುಚಿಯನ್ನು ಹೇರದೆ ಹಾಪ್ಸಿಗೆ ದಾರಿ ಬಿಡುತ್ತದೆ.

ಮೊದಲ ದಿನ

ಮೊದಲ ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುವುದು ಒಂದು ಹಂತ, ಕಾಣದ ಜೀವಾಣುಗಳನ್ನು ಕೊಲ್ಲುವುದು ಇನ್ನೊಂದು ಹಂತ. ಜಿಡ್ಡಿರುವ ಪಾತ್ರೆಗೆ ಸೋಂಕುನಿವಾರಕ ಸುರಿದರೆ ಪ್ರಯೋಜನವಿಲ್ಲ. ಬಕೆಟ್, ಮುಚ್ಚಳ, ಚಮಚ, ಹೈಡ್ರೋಮೀಟರ್, ಕತ್ತರಿ, ಯೀಸ್ಟ್ ಪೊಟ್ಟಣದ ಹೊರಮೈ ಹೀಗೆ ವರ್ಟಿಗೆ ತಾಗುವ ಪ್ರತಿಯೊಂದೂ ದ್ರಾವಣದಲ್ಲಿ ಅದ್ದಿ ಬರಬೇಕು. ಒರಟು ನಾರಿನಿಂದ ಪ್ಲಾಸ್ಟಿಕ್ ಬಕೆಟ್ ಉಜ್ಜುವುದು ತಪ್ಪು. ಗೀರುಗಳೊಳಗೆ ಅಡಗುವ ಬ್ಯಾಕ್ಟೀರಿಯಾಕ್ಕೆ ದ್ರಾವಣ ತಲುಪುವುದಿಲ್ಲ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಬಿಯರಿನ ಫೀನಾಲ್ ಅಂಶದೊಡನೆ ಸೇರಿ ಔಷಧಿ ಅಂಗಡಿಯ ವಾಸನೆ ತರುತ್ತದೆ. 23 ಲೀಟರಿಗೆ ಅರ್ಧ ಕ್ಯಾಂಪ್ಡನ್ ಮಾತ್ರೆ ಪುಡಿಮಾಡಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಕ್ಲೋರಿನ್ ಅಡಗುತ್ತದೆ. ಹೊಸಬರ ‘ಪ್ಲಾಸ್ಟಿಕ್ ವಾಸನೆ’ಯ ದೂರುಗಳಲ್ಲಿ ಬಹಳಷ್ಟರ ಮೂಲ ಬಕೆಟ್ಟಲ್ಲ, ನೀರು.

ಮುಂದಿನದು ಸರಳ. ಡಬ್ಬಿಯನ್ನು ಹದಿನೈದು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿದರೆ ಪಾಕ ಸಡಿಲವಾಗುತ್ತದೆ. ಅದನ್ನು ಎರಡು ಮೂರು ಲೀಟರ್ ಕುದಿನೀರಿನಲ್ಲಿ ಕರಗಿಸಿ, ಸಕ್ಕರೆ ಅಥವಾ ಮಾಲ್ಟ್ ಪುಡಿ ಸೇರಿಸಿ, ತಣ್ಣೀರಿನಿಂದ 23 ಲೀಟರಿಗೆ ತುಂಬಿಸಬೇಕು. ತುಸು ಎತ್ತರದಿಂದ ರಭಸವಾಗಿ ಸುರಿದರೆ ಒಳ್ಳೆಯದು, ಏಕೆಂದರೆ ಯೀಸ್ಟ್ ಮೊದಲಲ್ಲಿ ವೃದ್ಧಿಯಾಗಲು ಆಮ್ಲಜನಕ ಬೇಕು. ಇಡೀ ಪ್ರಕ್ರಿಯೆಯಲ್ಲಿ ಗಾಳಿಗೆ ಸ್ವಾಗತವಿರುವುದು ಈ ಒಂದೇ ಘಳಿಗೆಯಲ್ಲಿ. ಮಿಶ್ರಣದ ಉಷ್ಣತೆ 20 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಹೈಡ್ರೋಮೀಟರ್ ತೇಲಿಸಿ ಆರಂಭದ ಸಾಪೇಕ್ಷ ಸಾಂದ್ರತೆಯನ್ನು ಬರೆದಿಟ್ಟುಕೊಂಡು ಯೀಸ್ಟ್ ಉದುರಿಸಬೇಕು.

ಸೆಕೆಯೇ ಸಮಸ್ಯೆ

ಸೂಚನಾ ಹಾಳೆಗಳಲ್ಲಿ 27, 28 ಡಿಗ್ರಿಯವರೆಗೂ ಪರವಾಗಿಲ್ಲ ಎಂದು ಬರೆದಿರುವುದುಂಟು. ಯೀಸ್ಟ್ ಸಾಯುವುದಿಲ್ಲ ಎಂಬ ಅರ್ಥದಲ್ಲಿ ಅದು ಸತ್ಯ. ಆದರೆ ಸೆಕೆಯಲ್ಲಿ ಅವಸರದಿಂದ ದುಡಿದ ಯೀಸ್ಟ್ ಬಾಳೆಹಣ್ಣಿನ ವಾಸನೆಯ ಎಸ್ಟರ್‌ಗಳನ್ನೂ, ಗಂಟಲು ಸುಡುವ ಭಾರದ ಮದ್ಯಸಾರಗಳನ್ನೂ ಬಿಟ್ಟುಹೋಗುತ್ತದೆ. ಅವುಗಳ ಮುಂದೆ ಹಾಪ್ಸಿನ ಘಮ ಮೇಲೇಳುವುದಿಲ್ಲ.

ಜತೆಗೆ, ಹುದುಗುವ ಕ್ರಿಯೆಯೇ ಶಾಖ ಹೊಮ್ಮಿಸುತ್ತದೆ. ಕೋಣೆ 22 ಡಿಗ್ರಿ ಇದ್ದರೆ ಬಕೆಟ್ಟಿನ ಒಡಲು 25ಕ್ಕೆ ಏರಿರಬಹುದು. ಮೊದಲ ಮೂರು ದಿನ ನಿರ್ಣಾಯಕ. ಬೇಸಿಗೆಯ ಆಸ್ಟ್ರೇಲಿಯಾದಲ್ಲಿ ಹವ್ಯಾಸಿಗಳು ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಚ್ಚುತ್ತಾರೆ. ಮಣ್ಣಿನ ಹೂಜಿ ನೀರು ತಣಿಸುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹಳೆಯ ಫ್ರಿಜ್ಜಿಗೆ ಉಷ್ಣತಾ ನಿಯಂತ್ರಕ ಜೋಡಿಸಿಕೊಂಡವರು ವರ್ಷವಿಡೀ ನಿಶ್ಚಿಂತರು.

ಒಂದು ದಿನದೊಳಗೆ ಮೇಲೆ ಕೆನೆಯಂಥ ನೊರೆ ಕಟ್ಟುತ್ತದೆ. ನಾಲ್ಕೈದು ದಿನಗಳಲ್ಲಿ ಕುಸಿಯುತ್ತದೆ. ಗುಳ್ಳೆ ನಿಂತಿತೆಂದು ಕೆಲಸ ಮುಗಿಯಿತೆಂದು ತಿಳಿಯುವುದು ಹೊಸಬರ ಸಾಮಾನ್ಯ ತಪ್ಪು. ಮುಚ್ಚಳ ಸರಿಯಾಗಿ ಕೂರದಿದ್ದರೆ ಮೊದಲ ದಿನವೂ ಗುಳ್ಳೆ ಬರಲಿಕ್ಕಿಲ್ಲ. ಕೋಣೆ ಬಿಸಿಯಾದರೆ ಎಲ್ಲ ಮುಗಿದ ಮೇಲೂ ಬರಬಹುದು. ನಂಬಬೇಕಾದದ್ದು ಹೈಡ್ರೋಮೀಟರನ್ನು ಮಾತ್ರ. ಆರಂಭದಲ್ಲಿ 1.048 ಇದ್ದ ಸಾಂದ್ರತೆ 1.011ಕ್ಕೆ ಇಳಿದು ಮೂರು ದಿನ ಅಲ್ಲಿಯೇ ನಿಂತರೆ ಹುದುಗುವಿಕೆ ಮುಗಿದಂತೆ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾ ಪ್ರಮಾಣ ಸಿಗುತ್ತದೆ. ಈ ಉದಾಹರಣೆಯಲ್ಲಿ ಅದು ಶೇ. 4.8ರಷ್ಟು.

ಹಾಪ್ಸ್ ಹಾಕುವ ಹೊತ್ತು

ಭರಾಟೆಯ ನಡುವೆ ಹಾಪ್ಸ್ ಹಾಕಿದರೆ ಹೊರಹೋಗುವ ಅನಿಲ ಘಮವನ್ನೂ ಹೊತ್ತೊಯ್ಯುತ್ತದೆ. ಎಲ್ಲ ತಣ್ಣಗಾದ ಮೇಲೆ ಹಾಕಿದರೆ ಮುಚ್ಚಳ ತೆಗೆದಾಗ ಒಳನುಗ್ಗುವ ಆಮ್ಲಜನಕವನ್ನು ಹೀರಿಕೊಳ್ಳಲು ಚುರುಕಾದ ಯೀಸ್ಟ್ ಇರುವುದಿಲ್ಲ. ಆದ್ದರಿಂದ ಸಾಂದ್ರತೆ ಕೊನೆಯ ಅಂಕಿಗೆ ಸಮೀಪಿಸಿ, ಇನ್ನೂ ಅಲ್ಪ ಚಟುವಟಿಕೆ ಉಳಿದಿರುವಾಗ ಹಾಕುವುದು ಹದವಾದ ಮಧ್ಯಮಾರ್ಗ.

ಕಿಟ್ಟಿನ ಪೊಟ್ಟಣದಲ್ಲಿರುವ ಹಾಪ್ಸ್ ಹಲವು ಬಾರಿ ಲೀಟರಿಗೆ 1ರಿಂದ 2 ಗ್ರಾಂ ಲೆಕ್ಕಕ್ಕೆ ಬರುತ್ತದೆ. ಘಮ ಎದ್ದು ಕಾಣಬೇಕಾದರೆ ಲೀಟರಿಗೆ 3ರಿಂದ 5 ಗ್ರಾಂ ಬೇಕು. ಹೆಚ್ಚುವರಿಯಾಗಿ 50 ಗ್ರಾಂ ಕ್ಯಾಸ್ಕೇಡ್ ಅಥವಾ ಮಾವು, ಲಿಚಿ ಹಣ್ಣುಗಳನ್ನು ನೆನಪಿಸುವ ಸಿಟ್ರಾ ತಳಿಯ ಗುಳಿಗೆ ಕೊಂಡರೆ ಆ ಖರ್ಚು ಬೇರಾವ ಸುಧಾರಣೆಗಿಂತಲೂ ಹೆಚ್ಚು ಫಲ ಕೊಡುತ್ತದೆ. ಗುಳಿಗೆಗಳು ಹಸಿರಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿ ಹಳೆಯ ಚೀಸ್ ವಾಸನೆ ಬಂದಿದ್ದರೆ ಎಸೆಯುವುದೇ ಸರಿ. ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಬೇಕು.

ಎರಡು ಮೂರು ದಿನಗಳಲ್ಲಿ ತೈಲದ ಬಹುಪಾಲು ಬಿಯರಿಗೆ ಇಳಿಯುತ್ತದೆ. ವಾರಗಟ್ಟಲೆ ಬಿಟ್ಟರೆ ಹುಲ್ಲಿನ ವಾಸನೆ ಬರುವ ಸಾಧ್ಯತೆಯಿದೆ. ಹಾಪ್ಸ್ ಸ್ವತಃ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಹೊಂದಿದ್ದು, ಆ ವೇಳೆಗೆ ಮದ್ಯಸಾರವೂ ಸೇರಿರುವುದರಿಂದ ಸೋಂಕಿನ ಭಯ ಕಡಿಮೆ.

ನಾಯಿ ಸಾಕಿದ ಮನೆಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾಪ್ಸ್ ತಿಂದ ನಾಯಿಗಳ ಮೈ ಉಷ್ಣತೆ ಅಪಾಯಕಾರಿಯಾಗಿ ಏರಿ ಸಾವು ಸಂಭವಿಸಿದ್ದುಂಟು. ಬಳಸಿ ಬಿಟ್ಟ ಹಸಿರು ಮಡ್ಡಿಯನ್ನು ಹಿತ್ತಲ ಗೊಬ್ಬರದ ಗುಂಡಿಗೆ ತೆರೆದಂತೆ ಸುರಿಯಬಾರದು.

ಬಾಟಲಿ ಸಿಡಿಯುವುದೇಕೆ?

ಮನೆಬಿಯರಿಗೆ ಸಂಬಂಧಿಸಿದ ನಿಜವಾದ ಅಪಾಯ ಬಾಟಲಿಯದು. ತುಂಬಿಸುವಾಗ ಸೇರಿಸುವ ಅಲ್ಪ ಸಕ್ಕರೆಯನ್ನು ಉಳಿದ ಯೀಸ್ಟ್ ತಿಂದು, ಹೊರಬರುವ ಇಂಗಾಲದ ಡೈಆಕ್ಸೈಡ್ ಬಿಯರಿನಲ್ಲಿ ಕರಗಿ ನೊರೆ ಕೊಡುತ್ತದೆ. ಪೇಲ್ ಏಲ್‌ಗೆ ಲೀಟರಿಗೆ ಸುಮಾರು 6 ಗ್ರಾಂ, ಅಂದರೆ 23 ಲೀಟರಿಗೆ 140 ಗ್ರಾಂ ಸಕ್ಕರೆ ಸಾಕು. ತಕ್ಕಡಿಯಲ್ಲಿ ತೂಗಿ, ಸ್ವಲ್ಪ ನೀರಿನಲ್ಲಿ ಕುದಿಸಿ ಇಡೀ ಬಿಯರಿಗೆ ಮೆಲ್ಲಗೆ ಬೆರೆಸುವುದು ಲೇಸು. ಬಾಟಲಿಗೊಂದು ಚಮಚದ ಲೆಕ್ಕದಲ್ಲಿ ಒಂದು ಬಾಟಲಿ ಸಪ್ಪೆ, ಇನ್ನೊಂದು ಕಾರಂಜಿ ಆಗುವುದು ಸಹಜ.

ಹುದುಗು ಪೂರ್ತಿಯಾಗದೆ ತುಂಬಿಸಿದರೆ ಲೆಕ್ಕ ತಪ್ಪುತ್ತದೆ. ಬಾಟಲಿಯೊಳಗೆ ಸಾಂದ್ರತೆ ಇನ್ನೂ 0.004ರಷ್ಟು ಇಳಿಯುವಂತಿದ್ದರೆ ಸಾಕು, ಅನಿಲದ ಪ್ರಮಾಣ ಉದ್ದೇಶಿಸಿದ್ದರ ಸುಮಾರು ಇಮ್ಮಡಿಯಾಗುತ್ತದೆ. ಗಾಜು ಆಗ ಸಿಡಿಯಬಹುದು. ಚೂರುಗಳು ಕಣ್ಣಿಗೆ ತಾಗಿದರೆ ಆಗುವ ಹಾನಿ ಸಣ್ಣದಲ್ಲ.

ಹಾಪ್ಸ್ ಹೆಚ್ಚು ಹಾಕುವವರು ಇನ್ನೊಂದು ಸೂಕ್ಷ್ಮವನ್ನು ಅರಿತಿರಬೇಕು. ಹಾಪ್ಸಿನಲ್ಲಿಯೂ ಪಿಷ್ಟ ಒಡೆಯುವ ಕಿಣ್ವಗಳು ಅಲ್ಪ ಪ್ರಮಾಣದಲ್ಲಿವೆ. ಯೀಸ್ಟ್ ತಿನ್ನಲಾರದೆ ಬಿಟ್ಟಿದ್ದ ಡೆಕ್ಸ್‌ಟ್ರಿನ್‌ಗಳನ್ನು ಇವು ಕತ್ತರಿಸಿ ಸಕ್ಕರೆಯಾಗಿಸುತ್ತವೆ. ಮುಗಿದಿದ್ದ ಹುದುಗುವಿಕೆ ಮತ್ತೆ ಮೆಲ್ಲಗೆ ಆರಂಭವಾಗುತ್ತದೆ. ಹೊರೇಸ್ ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳು 1893ರಲ್ಲಿಯೇ ಇದನ್ನು ವರದಿ ಮಾಡಿದ್ದರು. ನಡುವೆ ಉದ್ಯಮ ಅದನ್ನು ಹೆಚ್ಚುಕಡಿಮೆ ಮರೆತಿತ್ತು. 2010ರ ದಶಕದಲ್ಲಿ ಹಾಪ್ಸಿನ ಪ್ರಮಾಣ ಏರಿದಂತೆ ಹಾಪ್ ಕ್ರೀಪ್ ಎಂಬ ಹೆಸರಿನಲ್ಲಿ ವಿಷಯ ಮರುಜೀವ ಪಡೆಯಿತು. ಪರಿಹಾರ ಸರಳವಿದೆ: ಹಾಪ್ಸ್ ಹಾಕುವ ಮುಂಚಿನ ಅಂಕಿಯನ್ನು ನೆಚ್ಚದೆ, ಹಾಕಿದ ನಂತರ ಮತ್ತೆ ಮೂರು ದಿನ ಸಾಂದ್ರತೆ ಸ್ಥಿರವಾಗಿ ನಿಂತಿದೆಯೇ ಎಂದು ನೋಡಬೇಕು. ಏಳು ದಿನಕ್ಕೆ ಬಾಟಲಿಗೆ ತುಂಬಿಸಿ ಎನ್ನುವ ಹಾಳೆಗಿಂತ ಹೈಡ್ರೋಮೀಟರಿನ ಮಾತು ಮೇಲು.

ಅನುಮಾನವಿದ್ದವರಿಗೆ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳು ಕ್ಷೇಮ. ಕೈಯಲ್ಲಿ ಒತ್ತಿ ನೋಡಿದರೆ ಒಳಗಿನ ಒತ್ತಡ ತಿಳಿಯುತ್ತದೆ.

ಗಾಳಿ ಮತ್ತು ಬೆಳಕು

ಹುದುಗು ಮುಗಿದ ಬಿಯರಿಗೆ ಗಾಳಿ ತಾಗಿದರೆ ಮೊದಲು ಹಾಳಾಗುವುದು ಹಾಪ್ಸಿನ ಘಮ. ಹೊನ್ನಿನ ಬಣ್ಣ ಕಂದಾಗುತ್ತದೆ, ಚಕ್ಕೋತದ ಜಾಗದಲ್ಲಿ ಒದ್ದೆ ರಟ್ಟಿನ ಅಥವಾ ಹಳಸಿದ ಜೇನಿನ ವಾಸನೆ ಸೇರುತ್ತದೆ. ಬಿಯರನ್ನು ಎಂದೂ ಎತ್ತರದಿಂದ ಸುರಿಯಬಾರದು. ಸೈಫನ್ ಕೊಳವೆಯ ತುದಿ ಬಾಟಲಿಯ ತಳ ಮುಟ್ಟಿರಬೇಕು. ತುಂಬಿದೊಡನೆ ಮುಚ್ಚಳ ಬಿಗಿಯಬೇಕು.

ಬೆಳಕಿನದು ಬೇರೆಯೇ ಕಥೆ. ಸೂರ್ಯನ ಬೆಳಕು ಬಿದ್ದಾಗ ಹಾಪ್ಸ್ ಕಹಿಯ ಅಣುಗಳು ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿಯ ದುರ್ವಾಸನೆಗೆ ಅದು ಹತ್ತಿರ. ಕಂದು ಬಾಟಲಿ ಬಹುಮಟ್ಟಿಗೆ ರಕ್ಷಿಸುತ್ತದೆ, ಹಸಿರು ಮತ್ತು ಬಿಳಿ ಗಾಜು ರಕ್ಷಿಸುವುದಿಲ್ಲ.

ಬಾಟಲಿಗಳನ್ನು ಎರಡು ವಾರ 20 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ನೊರೆ ಕೂಡಿದ ನಂತರ ತಂಪಿಗೆ ಸಾಗಿಸಬೇಕು. ಅಲ್ಲಿಂದ ಮುಂದೆ ನಾಲ್ಕರಿಂದ ಆರು ವಾರ ಘಮದ ಉತ್ತುಂಗ. ಮೂರು ತಿಂಗಳ ನಂತರ ಬಿಯರ್ ಕೆಟ್ಟಿರುವುದಿಲ್ಲ, ಆದರೆ ಹಾಪ್ಸಿಗೆಂದು ಮಾಡಿದ ಖರ್ಚು ಆವಿಯಾಗಿರುತ್ತದೆ. ಹಬ್ಬಕ್ಕೆಂದು ಅಟ್ಟದಲ್ಲಿ ಎತ್ತಿಡುವ ಪದಾರ್ಥ ಇದಲ್ಲ.

ಕಾನೂನಿನ ದಾರಿ

ಈ ಹವ್ಯಾಸಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು ತಡವಾಗಿ. ಬ್ರಿಟನ್ನಿನಲ್ಲಿ 1880ರ ಕಾಯ್ದೆಯ ನಂತರ ಮನೆಯಲ್ಲಿ ಬಿಯರ್ ಮಾಡಲು ಪರವಾನಗಿ ಬೇಕಿತ್ತು. 1963ರಲ್ಲಿ ಹಣಕಾಸು ಸಚಿವರಾಗಿದ್ದ ರೆಜಿನಾಲ್ಡ್ ಮಾಡ್ಲಿಂಗ್ ತಮ್ಮ ಬಜೆಟ್ಟಿನಲ್ಲಿ ಅದನ್ನು ತೆಗೆದುಹಾಕಿದರು. ಅನಂತರದ ದಶಕಗಳಲ್ಲಿ ಬೂಟ್ಸ್ ಔಷಧಿ ಅಂಗಡಿಗಳಲ್ಲೂ ಬಿಯರ್ ಕಿಟ್ ಮಾರಾಟವಾಯಿತು. ಮಾರಾಟ ಮಾಡದಿದ್ದರೆ ಅಲ್ಲಿ ಪ್ರಮಾಣದ ಮಿತಿಯಿಲ್ಲ.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡಾಗ ಮನೆಯ ವೈನಿಗೆ ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನು ಆ ಕೊರತೆಯನ್ನು ನೀಗಿಸಿತು. ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಮಿತಿ. ರಾಜ್ಯಗಳ ಅನುಮತಿ ಬೇರೆಯೇ ಬೇಕಿದ್ದು, ಅಲಬಾಮಾ ಮತ್ತು ಮಿಸಿಸಿಪ್ಪಿ 2013ರಲ್ಲಿ ಕೊನೆಯವಾಗಿ ಒಪ್ಪಿದವು.

ಕರ್ನಾಟಕದಲ್ಲಿ 2010ರ ದಶಕದ ಆರಂಭದಿಂದ ಪರವಾನಗಿ ಪಡೆದ ಕಿರು ಬ್ರೂವರಿಗಳು ಬೆಂಗಳೂರಿನಲ್ಲಿ ಬೆಳೆದಿವೆ, ಹಾಪ್ಸ್ ಘಮದ ತಾಜಾ ಏಲ್ ಅಲ್ಲಿ ಸಿಗುತ್ತದೆ. ಮನೆ ತಯಾರಿಕೆಗೆ ಮಾತ್ರ ದಾರಿ ತೆರೆದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿಯೂ, 2008ರಲ್ಲಿ ಬೆಂಗಳೂರು ಹಾಗೂ ಗಡಿಯಾಚೆಯ ತಮಿಳುನಾಡಿನಲ್ಲಿಯೂ ಕಳ್ಳಭಟ್ಟಿ ನುಂಗಿದ ಜೀವಗಳ ನೆನಪು ರಾಜ್ಯಕ್ಕಿದೆ. ಆ ದುರಂತಗಳಿಗೆ ಕಾರಣ ಮಿಥೈಲ್ ಆಲ್ಕೋಹಾಲ್ ಬೆರೆತ ಮದ್ಯ. ಭಟ್ಟಿ ಇಳಿಸದ ಬಾರ್ಲಿ ಬಿಯರಿನಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಬೇರೆಯಾದರೂ ಕಾಯ್ದೆಯ ದೃಷ್ಟಿಯಲ್ಲಿ ಎರಡೂ ಪರವಾನಗಿಯಿಲ್ಲದ ತಯಾರಿಕೆಯೇ. ವಿದೇಶದಿಂದ ಮರಳುವಾಗ ಪೆಟ್ಟಿಗೆಯಲ್ಲಿ ಕಿಟ್ ತರುವವರು ಇದನ್ನು ತಿಳಿದಿರಬೇಕು.

ಲೋಟಕ್ಕೆ ಬಗ್ಗಿಸುವಾಗ

ಮನೆಬಿಯರಿನ ಬಾಟಲಿಯ ತಳದಲ್ಲಿ ಯೀಸ್ಟಿನ ತೆಳುವಾದ ಮಡ್ಡಿ ಇರುತ್ತದೆ. ಕುಡಿಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ತಣಿಸಿದರೆ ಅದು ಗಟ್ಟಿಯಾಗಿ ಕೂರುತ್ತದೆ. ಲೋಟವನ್ನು ಓರೆಯಾಗಿ ಹಿಡಿದು ಒಂದೇ ಸುರಿತದಲ್ಲಿ ಬಗ್ಗಿಸಿ, ಕೊನೆಯ ಒಂದು ಬೆರಳಿನಷ್ಟನ್ನು ಬಾಟಲಿಯಲ್ಲಿಯೇ ಬಿಡುವುದು ವಾಡಿಕೆ. ಮಡ್ಡಿ ಸೇರಿದರೆ ವಿಷವೇನಲ್ಲ, ಬಿಯರ್ ಮಸುಕಾಗಿ ಹಿಟ್ಟಿನ ರುಚಿ ಬರುತ್ತದೆ. ತೀರಾ ತಣ್ಣಗೆ ಕುಡಿದರೆ ಘಮ ಏಳುವುದಿಲ್ಲ. 8ರಿಂದ 10 ಡಿಗ್ರಿ ಹದವಾದದ್ದು.

ಖಾಲಿಯಾದ ಬಾಟಲಿಯನ್ನು ಆಗಲೇ ಮೂರು ಬಾರಿ ನೀರಿನಲ್ಲಿ ಕುಲುಕಿ ಬೋರಲು ಹಾಕಬೇಕು. ಒಣಗಿ ಗಾಜಿಗೆ ಅಂಟಿದ ಯೀಸ್ಟನ್ನು ಮರುವಾರ ಬಿಡಿಸುವುದು ಬಹಳ ಪ್ರಯಾಸದ ಕೆಲಸ.